ಮೂವತ್ತಾರರಲ್ಲಿ ಒಂದು

ಹನಾಓಕ ಸೇಜಿಯವರ ದೂರು ಇಷ್ಟೇ: ಸುವಾ ಸರೋವರದ ದಂಡೆಯ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕೈಗಡಿಯಾರ ಜೋಡಿಸಿದ ಕೈಗಳಿಗೆ ಸ್ವಂತ ಮನೆಯಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ. ಸಾಸಿವೆಗಿಂತ ಸಣ್ಣ ತಿರುಪನ್ನು ಉಸಿರು ಬಿಗಿಹಿಡಿದು ಕೂರಿಸಬಲ್ಲ ಮಹಾನುಭಾವರಿಗೆ ಹೆಂಡತಿ ಫುಮಿಯೆ ದಿನಕ್ಕೆ ಆರು ಸಲ ಹೇಳುತ್ತಿದ್ದ ಮಾತು ಒಂದೇ.

"ರೀ, ಮುಚ್ಚಳ!"

ಚಹಾ ಡಬ್ಬಿ, ಅಕ್ಕಿ ಡಬ್ಬಿ, ಮೂಲಂಗಿ ಉಪ್ಪಿನಕಾಯಿಯ ಜಾಡಿ, ಯಾವುದೇ ಇರಲಿ, ಸೇಜಿಯವರು ತೆರೆದದ್ದನ್ನು ಮುಚ್ಚಿದ ದಾಖಲೆ ಆ ಮನೆಯಲ್ಲಿ ಇರಲಿಲ್ಲ.

ನಿವೃತ್ತಿಯಾದ ಮೇಲೆ ಅವರಿಗೆ ಹಳೆಯ ಕ್ಯಾಮೆರಾಗಳ ಹುಚ್ಚು ಹಿಡಿಯಿತು. ಎಲ್ಲ ಕ್ಯಾಮೆರಾಗಳದ್ದಲ್ಲ; ರೇಂಜ್‌ಫೈಂಡರ್ ಎಂಬ ಕುಲೀನ ಜಾತಿಯದ್ದು ಮಾತ್ರ. ಇದರಲ್ಲಿ ನಾವು ನೋಡುವ ಕಿಟಕಿ ಬೇರೆ, ಚಿತ್ರ ಹಿಡಿಯುವ ಗಾಜು ಬೇರೆ. ಕಿಟಕಿಯಲ್ಲಿ ಇಣುಕಿದರೆ ಮನುಷ್ಯ ಒಬ್ಬನೇ ಇದ್ದರೂ ಎರಡಾಗಿ ಕಾಣುತ್ತಾನೆ. ಉಂಗುರ ತಿರುಗಿಸುತ್ತ ಎರಡು ಬಿಂಬಗಳನ್ನು ಒಂದು ಮಾಡಿದರೆ ಚಿತ್ರ ಸ್ಫುಟ. "ದಾಂಪತ್ಯವೂ ಹೀಗೇ," ಎಂದು ಸೇಜಿಯವರು ಬಂದವರಿಗೆಲ್ಲ ಉಪದೇಶಿಸುತ್ತಿದ್ದರು. (ಉಂಗುರ ತಿರುಗಿಸುತ್ತಿದ್ದವರು ಯಾರು ಎಂಬುದು ಬಂದವರಿಗೆಲ್ಲ ಗೊತ್ತಿತ್ತು.)

ಸ್ಟೇಷನ್ ಎದುರಿನ ಅಂಗಡಿಯ ಬಾಗಿಲಲ್ಲಿ 'ಜಂಕ್' ಎಂದು ಚೀಟಿ ಅಂಟಿಸಿದ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು. ಅದರ ತುಂಬ ಸತ್ತ ಕ್ಯಾಮೆರಾಗಳು. ಕೊಂಡರೆ ವಾಪಸಿಲ್ಲ, ಕೇಳಿದರೆ ಉತ್ತರವಿಲ್ಲ. ವಾರಕ್ಕೊಮ್ಮೆ ಸೇಜಿಯವರು ಆ ಬುಟ್ಟಿಯೊಳಗೆ ಮೊಣಕೈವರೆಗೆ ಕೈಯಿಳಿಸಿ, ಕೋಟಿನ ಒಂದು ಮಗ್ಗುಲು ಉಬ್ಬಿಸಿಕೊಂಡು ಮನೆಗೆ ಬರುತ್ತಿದ್ದರು.

"ಎರಡು ಸತ್ತವು ಸೇರಿದ್ರೆ ಒಂದು ಬದುಕುತ್ತೆ ಕಣೇ."

"ಬದುಕಿದ್ದು ಎಲ್ಲಿದೆ ತೋರಿಸಿ. ಹಾಸಿಗೆ ಇಡೋ ಗೂಡು ತೆಗೆದ್ರೆ ಹದಿಮೂರು ಹೆಣ ಉರುಳ್ತವೆ."

ಆ ವರ್ಷ ಮೊಮ್ಮಗಳು ಕೊನತ್ಸುವಿಗೆ ಏಳು ತುಂಬಿತು. ನವೆಂಬರಿನಲ್ಲಿ ಹುಡುಗಿಗೆ ಕಿಮೋನೊ ಉಡಿಸಿ, ದೇವಾಲಯಕ್ಕೆ ಕರೆದೊಯ್ದು, ಕೈಗೆ ಉದ್ದನೆಯ ಮಿಠಾಯಿ ಚೀಲ ಕೊಟ್ಟು, ಅಲ್ಲಿಂದ ನೇರ ಸ್ಟುಡಿಯೋಗೆ ಹೋಗಿ ಚಿತ್ರ ತೆಗೆಸುವುದು ಪದ್ಧತಿ. ಏಳನೇ ವರ್ಷ ಮತ್ತೆ ಬರುವುದಿಲ್ಲ. ಜೇಬಿನ ಫೋನುಗಳಿಗೆ ಇನ್ನೂ ಕಣ್ಣು ಮೂಡಿರದ ಕಾಲ. ಫುಮಿಯೆ ಜೂನಿನಲ್ಲೇ ಸ್ಟುಡಿಯೋದ ದಿನ ಗೊತ್ತು ಮಾಡಿದ್ದರು. ಸೇಜಿಯವರು ಅದನ್ನು ಸದ್ದಿಲ್ಲದೆ ರದ್ದು ಮಾಡಿದರು. ಸಾಲದ್ದಕ್ಕೆ ಅಳಿಯನಿಗೆ ಫೋನು ಮಾಡಿ, "ನಿನ್ನ ಆಟೋಮ್ಯಾಟಿಕ್ ಆಟಿಕೆ ಮನೇಲೇ ಬಿಟ್ಟು ಬಾಪ್ಪ," ಎಂದರು.

ವಿಷಯ ತಿಳಿದ ಫುಮಿಯೆ ಕೂಗಾಡಲಿಲ್ಲ. ಅದು ಇನ್ನೂ ಭಯಂಕರ.

"ಚಿತ್ರ ಚೆನ್ನಾಗಿ ಬಂದ್ರೆ ಗೂಡು ಪೂರ್ತಿ ನಿಮ್ದೇ. ಬರದಿದ್ರೆ ಹದಿಮೂರೂ ಬುಟ್ಟಿಗೆ ವಾಪಸ್."

"ಒಪ್ಪಿದೆ. ನಂದೂ ಒಂದು ಷರತ್ತು. ನಾನು ಕೇಳೋ ತನಕ ಕ್ಯಾಮೆರಾ ವಿಷ್ಯದಲ್ಲಿ ನೀನು ತುಟಿ ಬಿಚ್ಚಬಾರ್ದು."

"ಬಿಚ್ಚಲ್ಲ."

ಹದಿಮೂರರಲ್ಲಿ ಬದುಕಿ ಎದ್ದದ್ದು ಒಂದೇ. ಸೇಜಿಯವರು ಅದರ ಗಾಜು ಒರೆಸಿದರು, ಚರ್ಮದ ಪಟ್ಟಿಗೆ ಎಣ್ಣೆ ಹಚ್ಚಿದರು, ಅದೇ ಬುಟ್ಟಿಯಲ್ಲಿ ಸಿಕ್ಕ ಕರಿ ತಗಡಿನ ಮುಚ್ಚಳವೊಂದನ್ನು ಗಾಜಿಗೆ ಬಿಗಿಯಾಗಿ ಕೂರಿಸಿದರು.

ದೇವಾಲಯದಲ್ಲಿ ಅವರದು ಸೇನಾಪತಿಯ ಗತ್ತು. ಮಗಳನ್ನು ಎಡಕ್ಕೆ ತಳ್ಳಿದರು, ಅಳಿಯನನ್ನು ಹಿಂದಕ್ಕೆ ಅಟ್ಟಿದರು. ಕಲ್ಲಿನ ದೀಪದ ಪಕ್ಕ, ಮೆಟ್ಟಿಲ ಮೇಲೆ, ಹಳದಿ ಎಲೆ ಉದುರಿದ ಮರದಡಿ ಕೊನತ್ಸುವನ್ನು ನಿಲ್ಲಿಸಿದರು. ಬೆಳಕನ್ನು ಕಣ್ಣಳತೆಯಲ್ಲೇ ಅಳೆದರು. ಕ್ಲಿಕ್, ಕ್ಲಿಕ್. ಫುಮಿಯೆ ಒಮ್ಮೆ ಬಾಯಿ ತೆರೆದರು. ಸೇಜಿಯವರ ತೋರುಬೆರಳು ಮೇಲೆದ್ದಿತು. ಇನ್ನೊಮ್ಮೆ ತೆರೆದರು.

"ಷರತ್ತು!"

ಫುಮಿಯೆ ಬಾಯಿ ಮುಚ್ಚಿದರು. ಕೊನೆಯಲ್ಲಿ ಮಾತ್ರ, "ನೀವೂ ಮಗೂನೂ ನಿಂತ್ಕೊಳಿ, ಒಂದು ನಾನು ತೆಗೀತೀನಿ," ಎಂದರು. ಅದು ಷರತ್ತಿಗೆ ವಿರುದ್ಧವಾಗಿರಲಿಲ್ಲ. ಸೇಜಿಯವರು ಮೊಮ್ಮಗಳ ಪಕ್ಕ ನಿಂತು, ಮಗುವಿನ ಮಿಠಾಯಿ ಚೀಲ ಸರಿಪಡಿಸುತ್ತಲೇ, ಎರಡು ಬಿಂಬಗಳನ್ನು ಒಂದು ಮಾಡುವ ಶಾಸ್ತ್ರದ ಮೇಲೆ ಉಪನ್ಯಾಸ ಆರಂಭಿಸಿದರು. ಉಪನ್ಯಾಸ ಮುಗಿಯುವ ಮೊದಲೇ ಕ್ಲಿಕ್ ಆಯಿತು.

ಎರಡು ದಿನದ ಮೇಲೆ ಫಿಲ್ಮ್ ತೊಳೆಯುವವನು ಸಾವಿನ ಮನೆಗೆ ಬಂದವನಂತೆ ತಲೆ ಬಗ್ಗಿಸಿ, ಎರಡೂ ಕೈಗಳಿಂದ ಲಕೋಟೆ ಕೊಟ್ಟ. ರೀಲಿನ ಮೂವತ್ತಾರು ಚಿತ್ರಗಳಲ್ಲಿ ಮೂಡಿದ್ದು ಒಂದೇ. ಅದರಲ್ಲಿ ಕೊನತ್ಸು ಗೊಂಬೆಯ ಹಾಗೆ ನಿಂತಿದ್ದಾಳೆ, ಕಿಮೋನೊದ ಒಂದೊಂದು ಹೂವೂ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ ಸೇಜಿಯವರು, ಬೆರಳೆತ್ತಿ, ಗಂಟಲ ಗುಣಿಯವರೆಗೆ ಬಾಯಿ ತೆರೆದು.

"ಶಟರ್ ಕೈಕೊಟ್ಟಿದೆ," ಎಂದು ಸೇಜಿಯವರು ರೋಗ ನಿರ್ಣಯಿಸಿದರು. "ಮೂವತ್ತಾರಕ್ಕೆ ಒಂದ್ಸಲ ಮಾತ್ರ ತೆರ್ಕೊಳ್ತಿದೆ." ಬದಲಿ ಭಾಗಗಳಿಗೆಂದು ಬುಟ್ಟಿಯಿಂದ ಅದೇ ಮಾದರಿಯ ಇನ್ನೆರಡು ಹೆಣ ಬಂದವು. ಹತ್ತು ದಿನ, ಅಡಿಯ ಕಾವಿಗೆ ಕಾಲು ಬೆಚ್ಚಗಿಟ್ಟು ಊಟ ಮಾಡುವ ಮೇಜಿನ ಮೇಲೆ ಕ್ಯಾಮೆರಾ ಬಿಡಿಬಿಡಿಯಾಗಿ ಹರಡಿಕೊಂಡಿತ್ತು. ಗಂಡಹೆಂಡಿರು ಅಡುಗೆಮನೆಯಲ್ಲಿ ನಡುಗುತ್ತ ಉಂಡರು. ಬಿಚ್ಚಿದರೆ ದೋಷವಿಲ್ಲ, ಕೂಡಿಸಿದರೆ ದೋಷವಿಲ್ಲ. ಒಂದು ತಿರುಪು ಮಾತ್ರ ಪ್ರತಿ ಸಲವೂ ಮಿಕ್ಕುತ್ತಿತ್ತು.

ಹನ್ನೊಂದನೆಯ ದಿನ ಸೇಜಿಯವರು ಸೋತು ಕೇಳಿದರು. "ಫುಮಿಯೆ, ಆ ಒಂದನ್ನ ತೆಗೆಯೋವಾಗ ನೀನು ಏನು ಮಾಡ್ದೆ?"

"ಈಗ ಮಾತಾಡಬಹುದಾ?"

"ಮಾತಾಡು ಮಾರಾಯ್ತಿ!"

"ಮುಚ್ಚಳ ತೆಗ್ದೆ. ಚಿತ್ರ ತೆಗ್ದೆ. ಮುಚ್ಚಳ ಹಾಕ್ದೆ."

ಸೇಜಿಯವರ ಕೈಯಿಂದ ಚಿಮಟ ಬಿತ್ತು. "ಅಂದ್ರೆ... ನಾನು ತೆಗೆಯೋವಾಗ..."

"ಹಾಕೇ ಇತ್ತು. ಹೇಳೋಕ್ಕೆ ಬಂದೆ, ಬೆರಳೆತ್ತಿದ್ರಿ. ಬಲ್ಲವರು ಹಾಗೇ ತೆಗೀತಾರೇನೋ ಅಂದ್ಕೊಂಡೆ."

"ತೆಗೆದವಳು ಮತ್ತೆ ಯಾಕೆ ಹಾಕ್ದೆ?"

"ತೆರೆದದ್ದನ್ನ ಮುಚ್ಚಬೇಕಲ್ವಾ? ಇಷ್ಟು ವರ್ಷದಿಂದ ನಾನು ಇನ್ನೇನು ಹೇಳ್ತಿದ್ದೀನಿ?" ಎಂದ ಫುಮಿಯೆಯ ಮುಖ ಚಹಾ ಬಟ್ಟಲಿನ ಹಿಂದೆ ಮರೆಯಾಯಿತು. ಬಟ್ಟಲು ಮಾತ್ರ ಸಣ್ಣಗೆ ಅಲುಗುತ್ತಿತ್ತು.

ತೀರ್ಪು ನ್ಯಾಯವಾಗಿಯೇ ಇತ್ತು. ಬಂದದ್ದು ಒಂದು ಚಿತ್ರ, ಉಳಿಯುವುದು ಒಂದು ಕ್ಯಾಮೆರಾ. ಅದೂ ಚಿತ್ರ ತೆಗೆದವರದ್ದು. ಮಿಕ್ಕ ಹದಿನಾಲ್ಕನ್ನು ಸೇಜಿಯವರೇ ಹೊತ್ತು ಬುಟ್ಟಿಗೆ ಸುರಿದು ಬಂದರು.

ಮರು ಭಾನುವಾರ ಕಿಮೋನೊ ಮತ್ತೆ ಬಾಡಿಗೆಗೆ ಬಂತು. ಸ್ಟುಡಿಯೋದಲ್ಲಿ ಎಲ್ಲರೂ ಸಾಲಾಗಿ ನಿಂತರು. ಫುಮಿಯೆಯ ಕೊರಳಲ್ಲಿ ಕ್ಯಾಮೆರಾ, ಸೇಜಿಯವರ ಕೈಯಲ್ಲಿ ಎಲ್ಲರ ಕೋಟು. ಛಾಯಾಗ್ರಾಹಕ ಕೈಯೆತ್ತಿ ಸಿದ್ಧನಾದಾಗ ಕೊನತ್ಸುವಿಗೆ ತಡೆಯಲಾಗಲಿಲ್ಲ.

"ಮಾಮಾ, ಮುಚ್ಚಳ ತೆಗೆದಿದ್ದೀರಾ? ನಮ್ಮ ತಾತಂಗೆ ಗೊತ್ತೇ ಇರ್ಲಿಲ್ಲ!"

ಅದೇ ಕ್ಷಣದ ಚಿತ್ರ ಈಗ ಗೋಡೆಯ ಮೇಲಿದೆ. ಎಲ್ಲರೂ ಹಲ್ಲು ಬಿಟ್ಟು ನಗುತ್ತಿದ್ದಾರೆ. ಬಾಯಿ ಮುಚ್ಚಿ ನಿಂತಿರುವವರು ಸೇಜಿಯವರು ಒಬ್ಬರೇ. ಗಾಜಿಗೆ ಕೂರಿಸಿದ ಆ ಕರಿ ಮುಚ್ಚಳ ಬಿಟ್ಟರೆ, ತೆರೆದದ್ದನ್ನು ಅವರು ತಾವಾಗಿಯೇ ಮುಚ್ಚಿದ ದಾಖಲೆಗಳಲ್ಲಿ ಅದು ಎರಡನೆಯದು.