ಗೋಡೆ ಕಡೆಗೆ ಮುಖ ಮಾಡಿದ ಮಿಷನ್ನು

ದೇಶ ಯಾಕೆ ಉದ್ಧಾರವಾಗುತ್ತಿಲ್ಲ ಎಂದು ಟೀವಿಯಲ್ಲಿ ಕೋಟು ಹಾಕಿಕೊಂಡವರು ಗಂಟೆಗಟ್ಟಲೆ ಜಗಳವಾಡುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ನಾನು ಓದಿರುವುದು ಮೂರನೇ ಕ್ಲಾಸು, ಅದೂ ಮೇಷ್ಟ್ರ ಮನೆಯ ಎಮ್ಮೆ ಮೇಯಿಸಿ ಪಾಸಾದದ್ದು. ಆದರೂ ಉದ್ಧಾರದ ಗುಟ್ಟು ನನಗೆ ಗೊತ್ತು. ಊರಿನ ಡೈರಿಯಲ್ಲಿ ಹಾಲಿನ ಫ್ಯಾಟು ಅಳೆಯುವ ಮಿಷನ್ನು ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿದರೆ ಸಾಕು, ಆ ಊರಿನ ಜಾತಕ ಹೇಳಿಬಿಡುತ್ತೇನೆ.

ನನ್ನ ಮಗಳನ್ನು ಯಳಂದೂರಿನ ಕಡೆ ಕೊಟ್ಟಿದ್ದೇವೆ. ಅಲ್ಲಿ ಮಿಷನ್ನು ಜನರ ಕಡೆಗೆ ಮುಖ ಮಾಡಿ ಕೂತಿದೆ. ಸಾಲಿನಲ್ಲಿ ನಿಂತವರಿಗೆಲ್ಲ ಫ್ಯಾಟಿನ ಕೆಂಪು ಅಂಕಿ ಕಾಣುತ್ತದೆ; ಅಂಕಿ ಏರಿದಷ್ಟೂ ಹಾಲಿಗೆ ದುಡ್ಡು ಜಾಸ್ತಿ. ಆ ಊರಿನಲ್ಲಿ ಮನೆಗೆ ಎರಡು ಮೂರು ಹಸು. ಹೆಂಗಸರು ಹಾಲು ಹಾಕಿಯೇ ಮನೆಗೆ ತಾರಸಿ ಹಾಕಿಸಿದ್ದಾರೆ. ಹನೂರಿನ ಪಕ್ಕದ ನಮ್ಮೂರಿನಲ್ಲಿ ಅದೇ ಮಿಷನ್ನು, ಮುನಿಸಿಕೊಂಡು ಮಲಗಿದ ಗಂಡನ ಹಾಗೆ, ಗೋಡೆ ಕಡೆಗೆ ತಿರುಗಿದೆ. ಅಂಕಿ ನೋಡುವವನು ಸೆಕ್ರೆಟರಿ ಮಾದೇಶ ಒಬ್ಬನೇ. ಅವನು ಕೂಗಿದ್ದೇ ವೇದ. ಗಟ್ಟಿ ಹಾಲಿಗೂ ಮೂರೂವರೆ, ತೆಳು ಹಾಲಿಗೂ ಮೂರೂವರೆ ಅಂದಮೇಲೆ ಯಾವ ಪೆದ್ದ ಒಳ್ಳೆಯ ಹಸು ಕಟ್ಟಿ ಹಿಂಡಿ ಬೂಸಾ ತಿನ್ನಿಸುತ್ತಾನೆ? ಅದಕ್ಕಿಂತ ಬೋರ್‌ವೆಲ್ ನೀರು ಅಗ್ಗ.

ಇಷ್ಟು ಗೊತ್ತಿದ್ದೂ ನಾನು ಮಗಳ ಮನೆಯಿಂದ ಒಂದು ಸೀಮೆಹಸು ತರಿಸಿದೆ. ಅಲ್ಲಿ ನಾಲ್ಕೂವರೆ ಫ್ಯಾಟು ಕೊಡುತ್ತಿದ್ದ ಹಸು ಇಲ್ಲಿ ಮೊದಲ ದಿನವೇ ಮೂರೂವರೆಗೆ ಇಳಿಯಿತು. ಕೊಳ್ಳೇಗಾಲ ದಾಟುವಾಗ ಟೆಂಪೋದ ಕುಲುಕಾಟಕ್ಕೆ ಕೊಬ್ಬು ಉದುರಿಹೋಯಿತೋ ಏನೋ! ಸೊಸೆ ರತ್ನ ಖಡಾಖಂಡಿತ ಹೇಳಿದಳು: "ಅತ್ತೆ, ಈ ತಿಂಗ್ಳು ನೋಡ್ತೀನಿ. ನಾಕು ಬರ್ನಿಲ್ಲ ಅಂದ್ರೆ ಅಸ ವಾಪಸ್ ಕಳ್ಸ್‌ಬುಡನ. ಇದ್ಕೆ ಹಿಂಡಿ ಹಾಕಕೆ ನನ್ ಕೈಲಾಗದಿಲ್ಲ." ಹಸು ವಾಪಸು ಹೋದರೆ ಬೀಗರೆದುರು ನನ್ನ ಮಾನವೂ ಅದೇ ಟೆಂಪೋ ಹತ್ತುತ್ತದೆ.

ಇತ್ತ ಡೈರಿ ಅಧ್ಯಕ್ಷರ ಹೆಂಡತಿ ಪುಟ್ಟಮ್ಮಣ್ಣಿಯ ಹಾಲಿಗೆ ಮಾತ್ರ ಮಳೆ ಬೇಸಿಗೆ ಎನ್ನದೆ ನಾಲ್ಕೂವರೆ. ಅವರ ಹಸುಗಳು ತಿನ್ನುವುದು ಬರೀ ರಾಗಿಹುಲ್ಲು. ಒಂದು ಬೆಳಿಗ್ಗೆ ಅವಳು, "ಅಕ್ಕ, ಮಂಡಿ ನೋವು ಕನ, ನನ್ ಕ್ಯಾನೂ ತಕಂಡೋಗು" ಎಂದಳು. ದೇವರೇ ಕೈಗೆ ಕೊಟ್ಟ ಹಾಗಾಯಿತು. ಡೈರಿಯಲ್ಲಿ ನನ್ನ ಹಾಲನ್ನು ಅವಳದೆಂದೂ, ಅವಳ ಹಾಲನ್ನು ನನ್ನದೆಂದೂ ಹೇಳಿ ಕೊಟ್ಟೆ. ಮಾದೇಶ ಗೋಡೆ ಕಡೆ ಬಗ್ಗಿ ಕೂಗಿದ: "ಅಧ್ಯಕ್ಷರ ಮನೇದು ನಾಕೂವರೆ! ಅಜ್ಜೀದು ಮೂರೂವರೆ!" ಮಿಷನ್ನು ಹಾಲು ನೋಡುವುದಾಗಿದ್ದರೆ ಇವತ್ತು ಅಂಕಿಯೂ ಅದಲುಬದಲಾಗಬೇಕಿತ್ತಲ್ಲ!

"ಲೇ ಮಾದೇಶ, ಅಧ್ಯಕ್ಷರ ಹೆಸ್ರಿಗೆ ಬರ್ಕಂಡ್ಯಲ್ಲ, ಅದು ನನ್ನ ಅಸಿನ ಆಲು ಕಣ್ಲಾ! ನನ್ನ ಹೆಸ್ರಿಗೆ ಬರ್ದಿದ್ದು ಅವ್ರ ಮನೇದು. ನಿನ್ ಮಿಷನ್ನು ಆಲು ನೋಡ್ತದೋ, ಮಕ ನೋಡ್ತದೋ?"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಅವರೂ ಸಂಜೆ ಹಾಲು ಹಾಕಬೇಕಲ್ಲ. "ವಯಸ್ಸಾಯ್ತು ಅಜ್ಜಿ ನಿಂಗೆ, ಕ್ಯಾನ್ ಯಾವ್ದು ಅಂತ್ಲೂ ಗೊತ್ತಾಗದಿಲ್ಲ" ಎಂದು ಮಾದೇಶ ಮುಂದಿನ ಕ್ಯಾನು ಎತ್ತಿಕೊಂಡ.

ಅದೇ ಮಧ್ಯಾಹ್ನ ಅವನು ನಮ್ಮ ಜಗಲಿಗೆ ಬಂದು ಕೂತ. "ಅಜ್ಜಿ, ಅಂಗ್ ಕೂಗಾಡುದ್ರೆ ಎಂಗೆ? ನಾಳಿಂದ ನಿಂದು ನಾಕೂವರೆ ಬರ್ಕತೀನಿ ಬುಡು."

"ನಂದೊಂದೇನ್ಲಾ? ಮಿಕ್ಕೋರ್ದು?"

"ಲಾರಿಗೋಗದು ಎಲ್ಲಾರ್ ಆಲೂ ಸೇರ್ಸಿ. ಅಲ್ಲಿ ಒಟ್ಟು ಫ್ಯಾಟು ಎಷ್ಟೋ ಅಷ್ಟಕ್ಕೇಯ ದುಡ್ಡು. ಎಲ್ಲಾರ್ದೂ ಸರಿಯಾಗ್ ಬರುದ್ರೆ ಅಧ್ಯಕ್ಷರ ಮನೆಗೆ ಎಚ್ಚಿನ್ ಫ್ಯಾಟು ಎಲ್ಲಿಂದ ತರ್ಲಿ, ನೀನೇ ಯೋಳು ಮತ್ತೆ?"

ಕಳ್ಳ ಮುಚ್ಚಿಟ್ಟು ಮಾತಾಡಿದ್ದರೆ ತಡೆದುಕೊಳ್ಳಬಹುದಿತ್ತು. ಇವನು ಮನೆಗೆಲಸದ ಕಷ್ಟ ಹೇಳಿಕೊಳ್ಳುವ ಸೊಸೆಯ ಹಾಗೆ ಹೇಳಿದ. ಪೊರಕೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ನಾನು ಎದ್ದು ಒಳಗೆ ಹೋಗಿ ಅವನಿಗೆ ಕಾಫಿ ಕಾಯಿಸಿ ತಂದೆ. ಗಟ್ಟಿ ಹಾಲಿನದು.

ಮಾರನೆಯ ದಿನದಿಂದ ನಾಲ್ಕೂವರೆ. ಹಸು ಉಳಿಯಿತು. ಆ ವಾರವೇ ಪಕ್ಕದ ಮನೆಯ ಸಾಕಮ್ಮನ ಹಾಲು ಮೂರೂಕಾಲಿಗೆ ಇಳಿಯಿತು. ಅವಳಿಗಿರುವುದೂ ಒಂದೇ ಹಸು. ತವರು ಲೊಕ್ಕನಹಳ್ಳಿಗೆ ಹೋಗಿದ್ದವಳಿಗೆ ಡೈರಿಯ ಗಲಾಟೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. "ದೊಡ್ಡವ್ವ, ನಿನ್ನಸ ಒಂದೇ ದಿನ್ಕೆ ಎಂಗೆ ಏರ್ಬುಡ್ತು? ಏನ್ ಹಾಕ್ದೆ?" ಎಂದು ಕೇಳಿದಳು.

"ಹತ್ತಿಕಾಳು ಹಿಂಡಿ ಕನವ್ವ" ಎಂದಿತು ನನ್ನ ಬಾಯಿ. ಮಾದೇಶನೆದುರು ಅಷ್ಟು ದೊಡ್ಡದಾಗಿದ್ದ ಬಾಯಿ.

ಅವಳು ಹನೂರಿನಿಂದ ಒಂದು ಮೂಟೆ ಹಿಂಡಿ ಬಸ್ಸಿಗೆ ಹಾಕಿಸಿಕೊಂಡು ತಂದಳು. ಹತ್ತು ದಿನ ತಿನ್ನಿಸಿದಳು. ಮೂರೂಕಾಲು ಅಲ್ಲಾಡಲಿಲ್ಲ. ಹಸು ಮಾರಿಕೊಡಲು ದಲ್ಲಾಳಿಗೆ ಹೇಳಿದ್ದಾಳಂತೆ. ನಿನ್ನೆ ಉಳಿದ ಅರ್ಧ ಮೂಟೆಯನ್ನು ಹೊತ್ತು ತಂದು ನಮ್ಮ ಜಗಲಿಯ ಮೇಲೆ ಇಳಿಸಿದಳು. "ನನ್ನ ಅಸಿಗೆ ಇದು ಒಗ್ಗದಿಲ್ಲ ಕನ ದೊಡ್ಡವ್ವ. ನಿನ್ನ ಅಸಿಗಾದ್ರೂ ಹಾಕು, ಯಾಕ್ ಹಾಳಾಗ್ಬೇಕು" ಎಂದಳು.

ಬೇಡ ಎನ್ನಲಿಲ್ಲ ನಾನು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಇವತ್ತು ಬೆಳಿಗ್ಗೆ ಸೊಸೆ ಏಳುವ ಮೊದಲೇ ಎದ್ದು ಆ ಹಿಂಡಿಯನ್ನು ನಾನೇ ನೆನೆಹಾಕಿದೆ. ಹಸು ಚೆನ್ನಾಗಿಯೇ ತಿಂದಿತು.