ಮಾವನ ಜೇನು ವ್ಯಾಪಾರ

ಜೇನು ಮಾರದೆಯೇ ಇಪ್ಪತ್ತು ವರ್ಷ ಜೇನಿನ ವ್ಯಾಪಾರ ನಡೆಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಇಂಗಳೇಶ್ವರದ ನನ್ನ ಸೋದರಮಾವ!

ಗುಡ್ಡದ ಬಂಡೆಗಳಿಂದ ಜೇನು ಬಿಡಿಸಿ ತರುವುದು ಮಾವನ ಕೆಲಸ. ಬಟ್ಟೆಯಲ್ಲಿ ಸೋಸಿ ಬಾಟಲಿ ತುಂಬುವುದು ಅತ್ತೆಯ ಕೆಲಸ. ಅಲ್ಲಿಯವರೆಗೆ ಎಲ್ಲವೂ ಸರಿ. ಗಿರಾಕಿ ಬಂದನೋ, ಕಟ್ಟೆಯ ಮೇಲೆ ಕುಳಿತ ಮಾವ ವಿಚಾರಣೆ ಶುರು ಮಾಡುತ್ತಿದ್ದರು. ಯಾರಿಗೆ, ಯಾತಕ್ಕೆ, ಎಷ್ಟು ದಿನಕ್ಕೆ? ಹೆಣ್ಣು ಕೊಡುವವರೂ ಇಷ್ಟು ಕೇಳುವುದಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನೂ ಬಾಗೇವಾಡಿಯ ಶಾಲೆಗೆ ಮಾಸ್ತರನಾಗಿ ಆಗಷ್ಟೇ ಸೇರಿದ್ದೆ. ನಮ್ಮ ಹೆಡ್‌ಮಾಸ್ತರರಿಗೆ ಬಿಡದ ಕೆಮ್ಮು. ನನ್ನನ್ನು ನಂಬಿ ಇಂಗಳೇಶ್ವರಕ್ಕೆ ಬಂದರು. ಮಾವ ಅವರ ಅಂಗಿಯ ಕಿಸೆಯನ್ನೇ ನೋಡಿದರು.

"ಮದಲ ಬೀಡಿ ಬಿಡ್ರಿ. ಆಮ್ಯಾಲ ಜೇನ ಬೇಕಾಗೂದಿಲ್ಲ."

ನನ್ನ ಮಾನ ಉಳಿಸಿದವರು ಅತ್ತೆ. ಹಿತ್ತಲ ಬಾಗಿಲಲ್ಲಿ ಹೆಡ್‌ಮಾಸ್ತರರ ಕೈಗೆ ಸದ್ದಿಲ್ಲದೆ ಒಂದು ಬಾಟಲಿ ಇಟ್ಟರು. ಆ ಮನೆಯ ನಿಜವಾದ ಅಂಗಡಿ ಹಿತ್ತಲಲ್ಲಿದೆ ಎಂಬುದು ಮಾವನೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಇನ್ನೊಮ್ಮೆ ಸಿಂದಗಿಯ ವ್ಯಾಪಾರಿಯೊಬ್ಬ ಬಂದು, ಇದ್ದಬದ್ದ ಜೇನನ್ನೆಲ್ಲ ಒಯ್ಯುತ್ತೇನೆಂದ. ಯಾರಿಗೆ ಮಾರುತ್ತೀ ಎಂದು ಮಾವ ಕೇಳಿದರು. ಕೇಳಿದವರಿಗೆ ಎಂದ ಆತ. ಹೆಸರು ಗೊತ್ತಿಲ್ಲದವರ ಮನೆಗೆ ತಮ್ಮ ಜೇನು ಹೋಗುವುದಿಲ್ಲವೆಂದು ಮಾವ ಅವನನ್ನು ಸಾಗಹಾಕಿದರು. ಆತ ಮನೆ ಸುತ್ತಿಕೊಂಡು ಹಿತ್ತಲಿಗೆ ಹೋದ. ಮರುದಿನ ಬರಿದಾದ ಗಡಿಗೆ ಕಂಡು ಮಾವ ಗಂಭೀರವಾಗಿ ನನಗೆ ತಿಳಿಸಿದ್ದು ಇಷ್ಟು: "ಬಿಸಲಿಗೆ ಜೇನ ಆರತೈತಿ."

ಮುಂದೊಂದು ಸುಗ್ಗಿಯಲ್ಲಿ ಅತ್ತೆಗೆ ವಿಷಮಜ್ವರವೆಂದು ಕೇಳಿ ಓಡಿದೆ. ಜ್ವರ ಇಳಿದಿತ್ತು, ಏಳುವ ತ್ರಾಣ ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಮಾವ, ಮೊಣಕೈತನಕ ಅಂಟು ಮಾಡಿಕೊಂಡು, ಜೇನು ಸೋಸಿ ಸೋಸಿ ಬಂದವರಿಗೆಲ್ಲ ಕೊಡುತ್ತಿದ್ದರು. ಒಂದೇ ಒಂದು ಪ್ರಶ್ನೆಯಿಲ್ಲ! ಜ್ವರ ಇವರ ತಲೆಗೇರಿತೇ ಎಂದು ದಿಗಿಲಾಯಿತು. ಯಾಕೆ ಹೀಗೆ ಎಂದು ಕೇಳಿಯೇಬಿಟ್ಟೆ.

ಮಾವ ಒಳಕೋಣೆಯತ್ತ ನೋಡಿ ದನಿ ತಗ್ಗಿಸಿದರು.

"ಆಕಿ ಏಳೂದ್ರಾಗ ಗಡಗಿ ಖಾಲಿ ಆಗಬೇಕಪಾ. ಇಲ್ಲಂದ್ರ ಎದ್ದಕೂಡ್ಲೆ ಸೋಸಾಕ ಕುಂಡರತಾಳ."

ಒಳಗಿನಿಂದ ಅತ್ತೆ ನೀರು ಕೇಳಿದರು. ಮಾವ ಅಂಟುಗೈಯಲ್ಲೇ ಎದ್ದು ಓಡಿದರು. ಗಿರಾಕಿಯೊಬ್ಬ ಕಾಯುತ್ತಿದ್ದ. ನಾನು ಅಂಗಿಯ ತೋಳು ಮಡಚಿ, ಸೋಸುವ ಬಟ್ಟೆ ಹಿಡಿದು ಕುಳಿತೆ.