ಕೈಯಿಂದ ಹೊಸೆದ ಮ್ಯಾಕರೋನಿ

"ಈ ವರ್ಷ ಇಂದೂನ ಕೇಕಿನ ಮೊದಲನೇ ತುಂಡು ನನ್ನ ಬಾಯಾಗ ಬೀಳಲಿಲ್ಲ ಅಂದ್ರ ನಾ ಸತ್ಯವ್ವನ ಅಲ್ಲ!"

ಉಣಕಲ್ಲಿನ ಸತ್ಯವ್ವ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಎದುರಿಗಿದ್ದ ಸಾಕ್ಷಿ ಒಬ್ಬನೇ, ಗಂಡ ಬೀರಲಿಂಗಪ್ಪ. ಆತ ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತಿದ್ದ. ಕಣ್ಣು ಮೇಲೆತ್ತದೆ ಕೇಳಿದ:

"ಹಂಗಾರ ಏನಂತ ಹೆಸರ ಇಟಗೋತಿ? ಈಗ ಹೇಳಿಬಿಡು. ಆಧಾರ ಕಾರ್ಡಿನ್ಯಾಗ ತಿದ್ದಸಾಕ ಭಾಳ ದಿನ ಹಿಡಿತೈತಿ."

ಇಂದು ಅಂದರೆ ಸತ್ಯವ್ವನ ಮೊಮ್ಮಗಳು. ಬರುವ ಭಾನುವಾರಕ್ಕೆ ಏಳು ತುಂಬುತ್ತದೆ. ಮೊಮ್ಮಗಳು ಕೈಯಾರೆ ತಿನಿಸುವ ಒಂದು ತುಂಡು ಕೇಕಿಗೆ ಇಷ್ಟು ದೊಡ್ಡ ಶಪಥ ಬೇಕೇ ಎಂದು ನೀವು ಕೇಳಬಹುದು. ಸತ್ಯವ್ವನ ಹೊಟ್ಟೆಯೊಳಗೆ ಹೋದ ವರ್ಷ ಹೊತ್ತಿಕೊಂಡ ಒಲೆ ಇನ್ನೂ ಆರಿರಲಿಲ್ಲ, ಅದು ನಿಮಗೆ ಗೊತ್ತಿಲ್ಲ!

ಒಲೆ ಹೊತ್ತಿಸಿದವಳು ನೆಗೆಣ್ಣಿ ದುರ್ಗವ್ವ, ಅಂದರೆ ಬೀರಲಿಂಗಪ್ಪನ ತಮ್ಮ ಮಡಿವಾಳಪ್ಪನ ಹೆಂಡತಿ. ಎರಡು ಮನೆ, ಒಂದು ಅಂಗಳ, ನಡುವೆ ಒಂದೇ ಗೋಡೆ. ಹೋದ ವರ್ಷದ ಹುಟ್ಟುಹಬ್ಬಕ್ಕೆ ಸತ್ಯವ್ವ ಬೆಳಗಿನಿಂದ ಕೂತು ಅರವತ್ತು ಹೋಳಿಗೆ ಮಾಡಿದ್ದಳು. ದುರ್ಗವ್ವ ಸಂಜೆ ನಾಲ್ಕಕ್ಕೆ ಎದ್ದು, ಫೋನಿನಲ್ಲಿ ನೋಡಿಕೊಂಡು, ಒಂದು ಪಾಕೀಟು ಮ್ಯಾಕರೋನಿ ಕುದಿಸಿ, ಅದಕ್ಕೆ ಚೀಸು ಕಲಸಿ, ಬಾಟಲಿಯ ಬಣ್ಣ ನಾಲ್ಕು ಹನಿ ಹಾಕಿದಳು. ಹುಡುಗರು ತಾಟು ನೆಕ್ಕಿದರು. ಬೆರಳು ನೆಕ್ಕಿದರು. ಒಬ್ಬಳಂತೂ ಪಕ್ಕದವಳ ಬೆರಳನ್ನೂ ನೆಕ್ಕಿದಳು! ಹೋಳಿಗೆ ಮರುದಿನ ಆಕಳ ಪಾಲಾಯಿತು. ಮೊಮ್ಮಗಳು ಕೇಕು ಕೊಯ್ದವಳೇ ಮೊದಲನೇ ತುಂಡನ್ನು ಓಡಿಹೋಗಿ ದುರ್ಗವ್ವನ ಬಾಯಿಗೆ ಇಟ್ಟಳು. ಸೊಸೆ ಕಾವೇರಿ ಅದರ ಫೋಟೋ ಹೊಡೆದು ಫೋನಿನ ಮುಖದ ಮೇಲೇ ಹಾಕಿಕೊಂಡಳು. ಅಂದಿನಿಂದ ಕಾವೇರಿಗೆ ಫೋನು ಬಂದಾಗಲೆಲ್ಲ ಸತ್ಯವ್ವನಿಗೆ ಕಾಣುವುದು ಅಗಲವಾಗಿ ತೆರೆದ ದುರ್ಗವ್ವನ ಬಾಯಿ. ದಿನಕ್ಕೆ ಹದಿನೈದು ಸಲ!

"ಪಾಕೀಟ ಹರದು ನೀರಾಗ ಹಾಕೂದೂ ಒಂದು ಅಡಗಿ ಏನ್ರಿ? ಅದಕ್ಕ ಕೈ ಯಾಕ ಬೇಕು? ಕತ್ರಿ ಇದ್ರ ಸಾಕು!"

"ಆದ್ರೂ ಹುಡುಗೂರು ನೆಕ್ಕಿ ತಿಂದ್ವಲ್ಲ."

"ಹುಡುಗೂರು ಗ್ವಾಡಿ ಸುಣ್ಣಾನೂ ನೆಕ್ತಾವು!"

ಸತ್ಯವ್ವ ಹಾಗೆ ಸಿಡುಕುವುದಕ್ಕೂ ಒಂದು ಅಧಿಕಾರವಿತ್ತು. ಒಂದು ಕಾಲದಲ್ಲಿ ಉಣಕಲ್ಲಿನ ಯಾವ ಮದುವೆ ಮನೆಯಲ್ಲೂ ಗವಲಿ ಹೊಸೆಯಲು ಆಕೆಗೇ ಕರೆ. ಚಿರೋಟಿ ರವೆಯ ಕಣಕವನ್ನು ಎರಡು ಬೆರಳ ನಡುವೆ ಹೊಸೆದು ಗೋಧಿ ಕಾಳಿನಂಥ ಗವಲಿ, ಸೌತೆಬೀಜದಂಥ ಗವಲಿ, ಬಾಚಣಿಕೆಯ ಮೇಲೆ ಒತ್ತಿ ಗೆರೆಗೆರೆಯ ಗವಲಿ ಉದುರಿಸುತ್ತಿದ್ದಳು. ಪಾಯಸದಲ್ಲಿ ಒಂದೂ ಕರಗುತ್ತಿರಲಿಲ್ಲ. ಈಗ ಗವಲಿಯೂ ಅಂಗಡಿಯಲ್ಲಿ ಸಿಗುತ್ತದೆ, ಕರೆಯುವವರಿಲ್ಲ. ಆ ಹತ್ತು ಬೆರಳು ಕೆಲಸವಿಲ್ಲದೆ ತುರಿಸುತ್ತಿದ್ದವು.

"ಮ್ಯಾಕರೋನಿ ಅಂದ್ರ ಏನ್ರಿ ಮಹಾ? ತೂತ ಇರೋ ಗವಲಿ! ನಾ ಕೈಲೆ ಮಾಡ್ತೇನಿ. ನಾಕ ಬಣ್ಣದ್ದು. ಬಾಟ್ಲಿ ಬಣ್ಣ ಅಲ್ಲ, ಖರೇ ಬಣ್ಣ! ನಿಮ್ಮ ಛತ್ರಿ ಎಲ್ಲೈತಿ?"

"ಮಳಿ ಎಲ್ಲೈತಿ?"

"ಮಳಿ ಯಾರಿಗೆ ಬೇಕು? ಕಡ್ಡಿ ಬೇಕು!"

ಬೀರಲಿಂಗಪ್ಪನ ಛತ್ರಿ ಆ ದಿನವೇ ಇಹಲೋಕ ಬಿಟ್ಟಿತು. ಅದರ ಎಂಟು ಕಡ್ಡಿಗಳನ್ನು ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿ, ತುಪ್ಪ ಸವರಿ, ಸತ್ಯವ್ವ ಕಣಕ ಸುತ್ತತೊಡಗಿದಳು. ಸುತ್ತುವುದು ಆಕೆ, ಕಡ್ಡಿ ಎಳೆಯುವುದು ಗಂಡ. ಹಳದಿಗೆ ಅರಿಷಿಣ, ಕೆಂಪಿಗೆ ಬೀಟರೂಟು, ಹಸಿರಿಗೆ ಪಾಲಕ. ನೀಲಿಗೆ ಶಂಖಪುಷ್ಪ ಬೇಕಿತ್ತು. ಆ ಬಳ್ಳಿ ಇದ್ದದ್ದು ದುರ್ಗವ್ವನ ಕಡೆಯ ಗೋಡೆಗೆ. ಬೆಳಗಿನ ಐದೂವರೆಗೆ, "ದೇವರಿಗೆ ಹೂವು" ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬೊಗಸೆ ತುಂಬ ಕಿತ್ತು ತಂದಳು.

ಅಂಗಳದಲ್ಲಿ ಒಣಗಿಸಿದರೆ ನೆಗೆಣ್ಣಿಗೆ ಗುಟ್ಟು ಗೊತ್ತಾದೀತು. ಹಾಗಾಗಿ ತಮ್ಮ ಕೋಣೆಯ ಮಂಚದ ಮೇಲೆ ಧೋತರ ಹಾಸಿ, ಮ್ಯಾಕರೋನಿ ಹರವಿ, ಫ್ಯಾನು ಹಚ್ಚಿ, ಬಾಗಿಲು ಹಾಕಿದಳು. ನಾಲ್ಕು ದಿನ ಮ್ಯಾಕರೋನಿ ಮಂಚದ ಮೇಲೆ ಮಲಗಿತು, ಗಂಡ ಹೆಂಡತಿ ನೆಲದ ಮೇಲೆ ಮಲಗಿದರು.

ಭಾನುವಾರ ಬಂತು. ಮ್ಯಾಕರೋನಿ ದುರ್ಗವ್ವನದೇ ಎಂದು ಮನೆಮಂದಿಯೆಲ್ಲ ತಿಳಿದಿದ್ದರು. ಆಕೆ ಪಾಕೀಟು ಹಿಡಿದುಕೊಂಡು ಬರುವ ಹೊತ್ತಿಗೆ ಸರಿಯಾಗಿ ಸತ್ಯವ್ವ ದನಿಗೆ ಬೆಲ್ಲ ಸವರಿಕೊಂಡು ನಿಂತಿದ್ದಳು.

"ದುರ್ಗಾ, ಕೇಕ ಆರಸಾಕ ನಿನ್ನಂಥಾ ಕಣ್ಣ ನಮ್ಮ ಮನ್ಯಾಗ ಯಾರಿಗೈತಿ ಹೇಳು? ಮಡಿವಾಳಪ್ಪನ ಗಾಡಿ ಮ್ಯಾಲ ಹುಬ್ಬಳ್ಳಿಗೆ ಹೋಗಿ ನೀನ ತಗೊಂಬಾರವಾ."

"ಯಕ್ಕಾ, ಮತ್ತ ಮ್ಯಾಕರೋನಿ?"

"ಬಂದ ಮಾಡೀಯಂತ. ಹದಿನೈದ ನಿಮಿಷದ ಕೆಲಸ ಅಲ್ಲೇನ ಅದು!"

ದುರ್ಗವ್ವ ಮೂವತ್ತು ವರ್ಷದಲ್ಲಿ ಅಕ್ಕನ ಬಾಯಿಂದ ತನ್ನ ಕಣ್ಣಿನ ಹೊಗಳಿಕೆ ಕೇಳಿದ್ದು ಇದೇ ಮೊದಲು. ಒಂದು ಕ್ಷಣ ಅನುಮಾನದಿಂದ ನೋಡಿದಳು. ಆಮೇಲೆ ಪಾಕೀಟು ಅಲ್ಲೇ ಇಟ್ಟು ಗಾಡಿ ಹತ್ತಿದಳು. ಕಾವೇರಿ ಅಂಗಳದಲ್ಲಿ ಬಲೂನು ಊದುತ್ತ, ಚುರಮರಿಯ ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದಳು. ಅಡಿಗೆಮನೆ ಸತ್ಯವ್ವನ ಸಾಮ್ರಾಜ್ಯವಾಯಿತು!

ಹಾಲಿಗೆ ಚೀಸು ಹಾಕಿ ಜುಣಕದ ಕಡಲೆಹಿಟ್ಟು ತಿರುವಿದ ಹಾಗೆ ತಿರುವಿದಳು. ಅದೇನೋ ಛಲೋ ಆಯಿತು. ದೊಡ್ಡ ಪಾತೇಲಿಯಲ್ಲಿ ನೀರು ಕುದಿಯಿತು. ನಾಲ್ಕು ಬಣ್ಣದ ಮ್ಯಾಕರೋನಿ ಅದರಲ್ಲಿ ಇಳಿದವು. ಆಹಾ! ಕಾಮನಬಿಲ್ಲು ಸ್ನಾನಕ್ಕೆ ಇಳಿದಂತೆ ಕಂಡಿತು. ಹದಿನೈದು ನಿಮಿಷವಾಯಿತು. ಅರ್ಧ ತಾಸಾಯಿತು. ಸತ್ಯವ್ವ ಒಂದನ್ನು ಸೌಟಿನಲ್ಲಿ ಎತ್ತಿ ಗಂಡನ ಬಾಯಿಗೆ ಹಾಕಿದಳು. ಟಕ್ ಎಂದಿತು.

"ಬೆಂದಾವೇನ್ರಿ?"

"ಅವು ಬೆಂದಿಲ್ಲ. ನನ್ನ ಹಲ್ಲ ಅಳ್ಳಾಡಾಕತ್ತೈತಿ."

ನಾಲ್ಕು ದಿನ ಫ್ಯಾನಿನ ಗಾಳಿ ಕುಡಿದ ಮ್ಯಾಕರೋನಿ ಕಲ್ಲಾಗಿತ್ತು. ಹೊರಗೆ ಹುಡುಗರ ಗದ್ದಲ ಶುರುವಾಗಿತ್ತು. ಸತ್ಯವ್ವ ಡಬ್ಬಿಗಳ ಸಾಲಿಗೆ ಕೈ ಹಾಕಿದಳು. ಕಡಲೆ ಬೇಯದಿದ್ದರೆ ಏನು ಮಾಡುತ್ತೇವೆ? ಒಂದು ಚಿಟಿಕೆ ಸೋಡಾ ಹಾಕುತ್ತೇವೆ. ಹಾಕಿದಳು. ಏನೂ ಆಗಲಿಲ್ಲ. ಇನ್ನೊಂದು ಚಿಟಿಕೆ. ಊಹೂಂ. ಆಗ ಡಬ್ಬಿಯನ್ನೇ ಬಗ್ಗಿಸಿದಳು.

ಪಾತೇಲಿ ಬುಸ್ಸೆಂದಿತು. ಮ್ಯಾಕರೋನಿ ಮೆತ್ತಗೇನೋ ಆಯಿತು. ಹಳದಿ ಮ್ಯಾಕರೋನಿ ನೋಡನೋಡುತ್ತ ಕುಂಕುಮದಂತೆ ಕೆಂಪಾಯಿತು! ಕೆಂಪು ಇದ್ದದ್ದು ಜಂಗು ಹಿಡಿದ ಮೊಳೆಯ ಬಣ್ಣಕ್ಕೆ ತಿರುಗಿತು. ನೀಲಿ ಇದ್ದದ್ದು ಉಣಕಲ್ ಕೆರೆಯ ಪಾಚಿಯಾಯಿತು. ಅರಿಷಿಣದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುವುದನ್ನು ಸತ್ಯವ್ವ ಐವತ್ತು ವರ್ಷದಿಂದ ಒಗೆಯುವ ಕಲ್ಲಿನ ಮೇಲೆ ನೋಡಿದವಳೇ. ಪಾತೇಲಿಯೊಳಗೆ ನೋಡಿದ್ದು ಇವತ್ತೇ!

"ಏನ್ರಿ, ಇದು ಹಿಂಗ್ಯಾಕ ಆತು?"

"ನೀನ ಹೇಳಿದ್ಯಲ್ಲ, ಖರೇ ಬಣ್ಣ ಅಂತ," ಅಂದ ಬೀರಲಿಂಗಪ್ಪ. "ಖರೇ ಬಣ್ಣ ಈಗ ಹೊರಗ ಬಿದ್ದೈತಿ."

ಚೀಸಿನ ಅಡಿಯಲ್ಲಿ ಎಲ್ಲ ಮುಚ್ಚಿಹೋಗಲಿ ಎಂದು ನೀರು ಬಸಿದು ಚೀಸು ಸುರಿದಳು. ಚೀಸು ಬಣ್ಣ ಹೀರಿ, ಒರಸುವ ಅರಿವೆ ಹಿಂಡಿದ ನೀರಿನಂತಾಯಿತು. ಅಷ್ಟರಲ್ಲಿ ಕಾವೇರಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಪಾತೇಲಿ ನೋಡಿದಳು.

"ಅಯ್ಯ ಶಿವನ! ಅತ್ತೀ, ಏನ್ರಿ ಇದು?"

ಸತ್ಯವ್ವನ ಬಾಯಿ ಆಕೆಯ ಬುದ್ಧಿಗಿಂತ ಮುಂಚೆ ಓಡಿತು.

"ನನಗೇನ ಗೊತ್ತವಾ? ನಿಮ್ಮ ಸಣ್ಣತ್ತಿ ಮಾಡಿಟ್ಟ ಹೋಗ್ಯಾಳ. ನಾ ಬರೇ ಬಿಸಿ ಮಾಡಾಕತ್ತಿದ್ನಿ."

ಮೂಲೆಯಲ್ಲಿ ಬೀರಲಿಂಗಪ್ಪನಿಗೆ ಕೆಮ್ಮು ಬಂತು.

"ಏನಾತ್ರಿ ಮಾವಾ?"

"ಏನಿಲ್ಲವಾ. ಹಲ್ಲ ನೋಯಾಕತ್ತೈತಿ."

ಕಾವೇರಿ ತಲೆಯ ಮೇಲೆ ಕೈ ಇಟ್ಟುಕೊಂಡು ಹೊರಗೆ ಹೋದಳು. ಸತ್ಯವ್ವನಿಗೆ ನಿಧಾನಕ್ಕೆ ಒಂದು ಸುಖ ಮೈಯೆಲ್ಲ ಹರಡಿತು. ಇದಕ್ಕಿಂತ ಛಲೋ ಏನಿದೆ? ಮ್ಯಾಕರೋನಿ ಕೆಟ್ಟರೆ ಕೆಟ್ಟಿತು, ಹೆಸರು ಕೆಡುವುದು ದುರ್ಗವ್ವನದು! ಹುಡುಗರು ಥೂ ಅನ್ನಲಿ. ಆಮೇಲೆ ಆ ಕೇಕಿನ ತುಂಡು ಯಾರ ಕಡೆ ಓಡಿ ಬರುತ್ತದೆ ನೋಡೋಣ!

ದುರ್ಗವ್ವ ಕೇಕಿನ ಡಬ್ಬಿ ಎದೆಗವಚಿಕೊಂಡು ಬಂದಳು. ಕಾವೇರಿ ಆಕೆಯನ್ನು ನೇರ ಪಾತೇಲಿಯ ಎದುರು ನಿಲ್ಲಿಸಿದಳು. "ಸಣ್ಣತ್ತೀ, ಏನ ಮಾಡಿಟ್ಟ ಹೋಗೀರಿ ಇದನ್ನ?"

ದುರ್ಗವ್ವ ಒಂದು ಮ್ಯಾಕರೋನಿಯನ್ನು ಸೌಟಿನಿಂದ ಎತ್ತಿ ಅಂಗೈಯ ಮೇಲೆ ಇಟ್ಟುಕೊಂಡಳು. ತಿರುಗಿಸಿ ನೋಡಿದಳು. ಉಣಕಲ್ಲಿನಲ್ಲಿ ಇಷ್ಟು ಸಮನಾಗಿ ಹೊಸೆಯುವ ಬೆರಳು ಯಾರದು ಎಂದು ಆಕೆಗೆ ಗೊತ್ತಿಲ್ಲವೇ? ಅದರ ತೂತಿಗೆ ಒಂದು ಕಣ್ಣು ಹಚ್ಚಿ, ಆ ತೂತಿನೊಳಗಿಂದಲೇ ಅಕ್ಕನನ್ನು ನೋಡಿದಳು.

"ಅಕ್ಕ ಏನಂದ್ಳು?"

"ನೀವ ಮಾಡೀರಿ ಅಂದ್ರು."

"ಅಕ್ಕ ಅಂದ ಮ್ಯಾಲೆ ಮಾಡಿರಬೇಕ ಬಿಡವಾ," ಎಂದು ದುರ್ಗವ್ವ ಕೇಕು ಇಡಲು ಹೋದಳು.

ಇಂದೂನ ಅಪ್ಪ ಶಶಿಕಾಂತ ಲಕಮನಹಳ್ಳಿಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವುದು ತಡವಾಯಿತು. ಅಪ್ಪ ಬಾರದೆ ಕೇಕು ಕೊಯ್ಯುವುದಿಲ್ಲ ಎಂದು ಇಂದು ಹಟ ಹಿಡಿದಳು. ಹುಡುಗರು ಹಸಿವೆಂದು ಕೂಗಿದರು. ಕಾವೇರಿ ಬೇರೆ ದಾರಿ ಕಾಣದೆ ತಾಟಿಗೆ ಗಿರಮಿಟ್ಟು ಹಾಕಿ, ಮೇಲೆ ಒಂದು ಹೋಳು ನಿಂಬೆಹಣ್ಣು ಇಟ್ಟು, ಬದಿಗೆ ಅಂಜುತ್ತ ಒಂದೊಂದು ಸೌಟು ಮ್ಯಾಕರೋನಿ ಬಡಿಸಿದಳು.

ಸತ್ಯವ್ವ ಅಂಗಳದ ಕಟ್ಟೆಯ ಮೇಲೆ ಕಾಲು ನೀಡಿ ಕೂತಳು. ನಾಟಕದ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕವರಂತೆ!

ಇಂದೂನ ಗೆಳತಿ ಮೈಮುನಾ ಮೊದಲು ಬಾಯಿಗಿಟ್ಟಳು. ಮುಖ ಸಣ್ಣಗಾಯಿತು. "ಏ, ಸಾಬೂನಿನಂಗ ಐತೇ ಇದು!"

ಸತ್ಯವ್ವನಿಗೆ ಕೇಕಿನ ಸಿಹಿ ಆಗಲೇ ನಾಲಿಗೆಯ ಮೇಲೆ ಬಂತು.

ಮೈಮುನಾ ಜಾಣೆ. ಗಿರಮಿಟ್ಟಿನ ಮೇಲಿದ್ದ ನಿಂಬೆಹೋಳನ್ನು ತೆಗೆದು ಮ್ಯಾಕರೋನಿಯ ಮೇಲೆ ಹಿಂಡಿದಳು. ಚುರ್ ಎಂದು ನೊರೆ ಎದ್ದಿತು. ಕುಂಕುಮದಂತಿದ್ದ ಮ್ಯಾಕರೋನಿ ಕಣ್ಣೆದುರಿಗೇ ಹಳದಿಯಾಯಿತು!

"ಏ ಇಂದೂ! ಬಣ್ಣ ಬದ್ಲಾತು! ಬಾರೇ ಲಗೂ!"

ಇಂದು ಹಿಂಡಿದಳು. ಪಾಚಿಯಂತಿದ್ದದ್ದು ನೇರಳೆಯಾಯಿತು. ಎಲ್ಲರೂ ಹಿಂಡಿದರು. ಅಂಗಳವೆಲ್ಲ ಕೂಗು. "ನಮ್ಮ ಟೀಚರ್ ಸಾಲ್ಯಾಗ ಅರಿಷಿಣದ ಹಾಳಿ ಮ್ಯಾಲ ಇದನ್ನ ಮಾಡಿ ತೋರಿಸ್ಯಾರ! ಅದನ್ನ ತಿನ್ನಾಕ ಬರೂದಿಲ್ಲ, ಇದನ್ನ ತಿನ್ನಾಕೂ ಬರ್ತೈತಿ!" ಎಂದು ಒಬ್ಬಳು ಕುಣಿದಳು. ನಿಂಬೆ ಬಿದ್ದು ಸೋಡಾದ ರುಚಿಯೂ ಅಡಗಿತ್ತು. ಮತ್ತೆ ಹಾಕ್ರಿ, ಮತ್ತೆ ಹಾಕ್ರಿ! ನಿಂಬೆಹಣ್ಣು ಖಾಲಿಯಾದವು. ಮಡಿವಾಳಪ್ಪನ ಗಾಡಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ನಿಂಬೆಹಣ್ಣಿಗೂ ಇಬ್ಬರು ಕೈ ಹಾಕಿದರು!

"ಯಾರ ಮಾಡ್ಯಾರ ಇದನ್ನ?"

"ನಮ್ಮ ಸಣ್ಣಜ್ಜಿ!" ಎಂದಳು ಇಂದು, ಎದೆ ಉಬ್ಬಿಸಿ.

ಸತ್ಯವ್ವನ ನೀಡಿದ ಕಾಲು ತಾನಾಗಿ ಒಳಗೆ ಬಂತು. ಅಯ್ಯೋ! ಆ ಒಂದೊಂದು ತೂತೂ ತನ್ನದು! ಓಡಿಹೋಗಿ ಗಂಡನ ರಟ್ಟೆ ಹಿಡಿದಳು.

"ಏನ್ರಿ, ನೀವರ ಹೇಳ್ರಿ! ನಾ ಮಾಡಿದ್ದು ನೀವು ನೋಡೀರಿ!"

"ಹೇಳ್ತೇನಿ. ನೀ ಮಾಡಿದಿ ಅಂತ ಹೇಳಿದ್ರ ನೀ ಸುಳ್ಳ ಹೇಳಿದಿ ಅಂತಾನೂ ಹೇಳಬೇಕಾಗತೈತಿ. ಯಾವುದನ್ನ ಮೊದಲ ಹೇಳ್ಲಿ?"

ಶಶಿಕಾಂತ ಬಂದ. ಮೇಣದಬತ್ತಿ ಹಚ್ಚಿದರು, ಇಂದು ಊದಿದಳು, ಕೇಕು ಕೊಯ್ದಳು. ದೊಡ್ಡದೊಂದು ತುಂಡು ಎತ್ತಿಕೊಂಡಳು. ಎಡಗಡೆ ಸತ್ಯವ್ವ, ಬಲಗಡೆ ದುರ್ಗವ್ವ. ಇಂದು ಬಲಕ್ಕೆ ತಿರುಗಿದಳು.

ಸತ್ಯವ್ವನಿಗೆ ತಡೆಯಲಾಗಲಿಲ್ಲ.

"ಏ ತಡೀ! ಅದನ್ನ ಮಾಡಿದಾಕಿ ನಾನು! ನಿಮ್ಮ ಸಣ್ಣಜ್ಜಿ ಅಲ್ಲ!"

ಎಲ್ಲಿಯೋ ಒಂದು ಬಲೂನು ಒಡೆಯಿತು.

"ಅತ್ತೀ," ಎಂದಳು ಕಾವೇರಿ ಮೆಲ್ಲಗೆ, "ಸಣ್ಣತ್ತಿ ಮಾಡ್ಯಾರಂತ ನೀವ ಹೇಳಿದ್ರೆಲ್ಲರೀ?"

ಆಗ ದುರ್ಗವ್ವ ಮುಂದೆ ಬಂದಳು.

"ಖರೇ ಐತಿ ಇಂದೂ. ನಿಮ್ಮ ದೊಡ್ಡಜ್ಜಿನ ಮಾಡ್ಯಾಳ. ಒಂದೊಂದೂ ಕೈಲೆ ಹೊಸೆದಾಳ. ಅಂಥಾ ಕೈ ನನಗಿಲ್ಲವಾ. ನಾ ಬರೇ ಕೇಕ ತಂದಾಕಿ."

ಸತ್ಯವ್ವನಿಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷದಲ್ಲಿ ಮೊದಲ ಸಲ ನೆಗೆಣ್ಣಿಯ ಮೇಲೆ ಪ್ರೀತಿ ಉಕ್ಕಿತು. ಸೆರಗು ಸರಿ ಮಾಡಿಕೊಂಡು, ಬಾಯಿ ತುಸು ತೆರೆದು, ಮೊಮ್ಮಗಳ ಕಡೆ ಬಾಗಿದಳು.

ಇಂದು ಬೆರಗಾಗಿ ದುರ್ಗವ್ವನನ್ನು ನೋಡುತ್ತಿದ್ದಳು.

"ನೋಡ್ರೇ ಎಲ್ಲಾರೂ! ನಮ್ಮ ಸಣ್ಣಜ್ಜಿ ಎಷ್ಟ ಛಲೋ ಅದಾಳ! ತಾ ಮಾಡಿದ್ದನ್ನೂ ದೊಡ್ಡಜ್ಜಿ ಮಾಡಿದ್ದು ಅಂತಾಳ!"

ಮೊದಲನೇ ತುಂಡು ದುರ್ಗವ್ವನ ಬಾಯಿಗೆ ಹೋಯಿತು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಶಶಿಕಾಂತ ತಟ್ಟಿದ. ಬೀರಲಿಂಗಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಇಂದು ಇನ್ನೊಂದು ತುಂಡು ತೆಗೆದುಕೊಂಡು ಅಜ್ಜಿಯ ಹತ್ತಿರ ಬಂದು ಗಲ್ಲ ಸವರಿದಳು.

"ದೊಡ್ಡಜ್ಜೀ, ಮನಸಿಗೆ ಹಚ್ಕೋಬ್ಯಾಡ. ನೀನೂ ಸಣ್ಣಜ್ಜಿ ಕಡೆ ಹೋಗಿ ಕಲಕೋ. ಆಕಿ ಎಲ್ಲಾರಿಗೂ ಹೇಳಿಕೊಡ್ತಾಳ."

ಇದಕ್ಕೆ ಉತ್ತರ ಕೊಡಲೇಬೇಕೆಂದು ಸತ್ಯವ್ವ ಬಾಯಿ ಅಗಲಿಸಿದಳು. ಆ ಬಾಯಿಗೆ ಎರಡನೇ ತುಂಡು ಬಂದು ಬಿತ್ತು!